ಬೆನ್ನು ಮಾಡಿ ನಿಂತ ಕಾಕಾ

ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಅಳು ಕೇಳುವುದಕ್ಕಿಂತ ಮೊದಲು ಮಗ್ಗ ನಿಲ್ಲುತ್ತವೆ. ಒಂದೇ ಮನೆಯ ಮಗ್ಗ ನಿಂತರೆ ಕರೆಂಟು ಹೋಗಿರಬೇಕು, ನೂಲು ಮುಗಿದಿರಬೇಕು ಅಂದುಕೊಳ್ಳಬಹುದು. ಅದರ ಪಕ್ಕದ್ದು, ಎದುರಿನದು, ಮೂಲೆಯದು ಹೀಗೆ ಒಂದೊಂದಾಗಿ ಇಡೀ ಓಣಿ ಸುಮ್ಮನಾಯಿತೆಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು ಯಾರ ಮನೆಯಲ್ಲಿ ಎಂದು ಕೇಳಬೇಕು. ಬನಹಟ್ಟಿಯಲ್ಲಿ ಪವರ್‌ಲೂಮಿನ ಓಣಿಗಳೆಲ್ಲ ಹೀಗೇ. ಆ ದಿನ ಬೆಳಿಗ್ಗೆ ನಾನು ಯಾರನ್ನೂ ಕೇಳಲಿಲ್ಲ. ಮೊದಲು ನಿಂತದ್ದು ನಮ್ಮ ಗೋಡೆಗೆ ಹತ್ತಿಕೊಂಡ ಮಗ್ಗಗಳೇ. ನನ್ನ ಹೆಂಡತಿ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟು, "ಕಾಕಾ ಹೋದ್ರು ಕಾಣಸ್ತೈತಿ" ಎಂದಳು.

ಹೋಗಿ ನೋಡಿದರೆ ಕಾಕಾ ಅವರನ್ನು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದರು. ಅವರ ಮಂದಿಯಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಹಣೆ ತುಂಬ ವಿಭೂತಿ, ಕೊರಳಿಗೆ ಹಾರ, ತಲೆಗೆ ಹೊಸ ರುಮಾಲು. ಇಷ್ಟು ವರ್ಷ ಪಕ್ಕದ ಮನೆಯಲ್ಲಿದ್ದೆ, ಅವರು ಕುರ್ಚಿಯಲ್ಲಿ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮದುವೆಗೆ ಹೋದರೂ ಮಂಟಪದ ಕಂಬ ಹಿಡಿದು ನಿಲ್ಲುವ ಮನುಷ್ಯ. ನಮ್ಮ ಮನೆಗೆ ಬಂದರೆ ಬಾಗಿಲ ಚೌಕಟ್ಟಿಗೆ ಹೆಗಲು ಕೊಟ್ಟು ನಿಂತೇ ಚಹಾ ಕುಡಿದು ಹೋಗುತ್ತಿದ್ದರು. "ಕುಂತ್ರ ಎಳಿ ಹರದಂಗ ಆಕ್ಕೈತ್ರಿ ಮಾಸ್ತರ್ರ" ಎನ್ನುತ್ತಿದ್ದರು. ಮಗ್ಗದ ಮುಂದೆ ಹಗಲೆಲ್ಲ ನಿಂತವರಿಗೆ ಕೂರುವುದೆಂದರೆ ಎಲ್ಲೋ ಒಂದು ನೂಲಿನ ಎಳೆ ಹರಿದು, ಬಟ್ಟೆ ಕೆಟ್ಟಂತೆ ಅನಿಸುತ್ತದಂತೆ.

ನಾನು ಹೈಸ್ಕೂಲು ಮಾಸ್ತರ. ಮೂಲ ಬೀಳಗಿ ಕಡೆಯವನು. ನೌಕರಿ ಸಿಕ್ಕಿದ್ದು ಇಲ್ಲಿ, ಉಳಿದದ್ದೂ ಇಲ್ಲೇ. ಇನ್ನೇನು ನಿವೃತ್ತಿ ಹತ್ತಿರ ಬಂತು. ದಣಿವಾಗಿದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಊರ ಮಕ್ಕಳಿಗೆಲ್ಲ ಕಲಿಸಿ ಅಷ್ಟು ದಣಿಯಲಿಲ್ಲ, ತಡವಾಗಿ ಹುಟ್ಟಿದ ಒಬ್ಬ ಮಗನನ್ನು ಓದಿಸಿ ದಣಿದೆ. ಅವನು ಈಗ ವಿಜಯಪುರದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಎರಡನೇ ಸಲ ನೀಟ್ ಪರೀಕ್ಷೆಗೆ ಕೂರುತ್ತಿದ್ದಾನೆ. ಓದು ಅಂದರೇನು, ಯಾಕೆ ಓದಬೇಕು, ಓದಿಸುವವನ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂದು ಈಗೀಗ ಬಹಳ ಯೋಚಿಸುತ್ತೇನೆ. ಹಾಗೆ ಯೋಚಿಸಿದಾಗಲೆಲ್ಲ ನೆನಪಾಗುವುದು ನಾನು ಓದಿದ ಬಿ.ಎಡ್. ಪಾಠಗಳಲ್ಲ, ನಾಲ್ಕನೇ ಈಯತ್ತೆಗೆ ಸಾಲಿ ಬಿಟ್ಟಿದ್ದ ಈ ಕಾಕಾ. ಹಾಗಂತ ಅವರೇನು ಜ್ಞಾನಿ ಅಲ್ಲ. ಹಟಮಾರಿ, ಬಾಯಿ ಜೋರು, ತಾನು ಹಿಡಿದದ್ದೇ ಖರೆ ಅನ್ನುವ ಪೈಕಿ.

ಈ ಮನೆಗೆ ಬಾಡಿಗೆಗೆ ಬಂದ ದಿನವೇ ನನ್ನ ತಲೆ ಸಿಡಿದು ಹೋಗಿತ್ತು. ಗೋಡೆಯ ಆಚೆ ನಾಲ್ಕು ಮಗ್ಗ ಒಂದೇ ಸಮನೆ ಖಡಖಡ ಅನ್ನುತ್ತಿದ್ದವು. ಡಬ್ಬಿಯಲ್ಲಿದ್ದ ಚಮಚಗಳೂ ನಡುಗುತ್ತಿದ್ದವು. ಬೇರೆ ಮನೆ ನೋಡೋಣ ಎಂದು ಹೆಂಡತಿಯ ಕಿವಿಯಲ್ಲಿ ಕೂಗಿ ಹೇಳುತ್ತಿದ್ದೆ. ಆಗ ಹುಬ್ಬಿನ ಮೇಲೆ ಹತ್ತಿಯ ದೂಳು ಕೂತಿದ್ದ ಎತ್ತರದ ಮನುಷ್ಯರೊಬ್ಬರು ಚಹಾದ ಕಿಟ್ಲಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು. ನಾನು ಹೆಂಡತಿಗೆ ಹೇಳಿದ್ದು ಅವರಿಗೆ ಕೇಳಿರಲು ಸಾಧ್ಯವೇ ಇರಲಿಲ್ಲ. ಆದರೂ ಅವರು ನಕ್ಕು, "ಎಂಟ್ ದಿನ ತಡಕೋರಿ ಮಾಸ್ತರ್ರ, ಮನಿ ಬಿಡಬ್ಯಾಡ್ರಿ. ಆಮ್ಯಾಲ ಮಗ್ಗ ಕೇಳಸೂದಿಲ್ಲ. ನಿಂತಾಗ ಅಷ್ಟ ಕೇಳ್ತೈತಿ" ಎಂದರು.

ಮನೆ ಬಿಡುವ ಮಾತು ಇವರಿಗೆ ಹೇಗೆ ತಿಳಿಯಿತು ಎಂದು ನನಗೆ ಸೋಜಿಗ. ತಿಳಿದದ್ದು ನನ್ನ ತುಟಿ ನೋಡಿ. ಮಗ್ಗದ ಮಂದಿಯ ರೂಢಿ ಅದು. ಶೆಡ್ಡಿನೊಳಗೆ ಒಬ್ಬರ ದನಿ ಒಬ್ಬರಿಗೆ ಕೇಳುವುದಿಲ್ಲ, ಹಾಗಾಗಿ ತುಟಿ ಅಲುಗಿದ್ದನ್ನು ನೋಡಿ ಮಾತು ಹಿಡಿಯುತ್ತಾರೆ. ಆ ತುದಿಯಲ್ಲಿ ಒಬ್ಬರು, ಈ ತುದಿಯಲ್ಲಿ ಒಬ್ಬರು ನಿಂತು ಮಾರುಕಟ್ಟೆಯ ಸುದ್ದಿಯಿಂದ ಹಿಡಿದು ಬೀಗರ ಮನೆಯ ರಾಮಾಯಣದ ತನಕ ಎಲ್ಲ ಮಾತಾಡುತ್ತಾರೆ. ಗುಟ್ಟು ಹೇಳಬೇಕಾದರೆ ಹೆಣ್ಣುಮಕ್ಕಳು ಬಾಯಿಗೆ ಸೆರಗು ಅಡ್ಡ ಹಿಡಿಯಬೇಕು. ಕಾಕಾ ಮತ್ತು ಅವರ ಹೆಂಡತಿ, ನಾವು ಕಾಕು ಅನ್ನುತ್ತಿದ್ದೆವು, ಇಬ್ಬರೂ ಹಾಗೆ ದನಿಯಿಲ್ಲದೆ ಜಗಳಾಡುವುದನ್ನು ನೋಡಬೇಕಿತ್ತು. ಅವರು ಹಣೆ ಬಡಿದುಕೊಳ್ಳುತ್ತಿದ್ದರು, ಇವರು ಕೈ ತಿರುವುತ್ತಿದ್ದರು, ಇಬ್ಬರ ಕೈಯೂ ನಡುನಡುವೆ ಹರಿದ ಎಳೆಯನ್ನು ಗಂಟು ಹಾಕುತ್ತಿತ್ತು. ಏನಾಯಿತು ಎಂದು ಒಮ್ಮೆ ಕೇಳಿದೆ. "ಬದನಿಕಾಯಿ ಪಲ್ಯಾಕ ಉಪ್ಪ ಹೆಚ್ಚಾಗೇತಿ ಅಂದ್ನಿರಿ. ಆಕಿ ನಮ್ಮವ್ವನ ತನಕಾ ಹೋಗಿ ಬಂದ್ಲು" ಎಂದರು.

ಅವರಿಗೆ ಒಬ್ಬಳೇ ಮಗಳು, ಶೈಲಾ. ನಮ್ಮ ಶಾಲೆಯಲ್ಲೇ ಓದುತ್ತಿದ್ದಳು. ಅವಳ ಓದಿನ ಜಾಗ ಶೆಡ್ಡಿನ ಹೊಸ್ತಿಲ ಬಳಿ, ನೂಲಿನ ಚೀಲದ ಮೇಲೆ. ಅಪ್ಪನ ಎದುರಿಗೆ ಮುಖ ಮಾಡಿ ಕೂರಬೇಕು, ಬಾಯಿ ಬಿಟ್ಟು ಓದಬೇಕು. ಅವಳು ಗಂಟಲು ಹರಿದುಕೊಂಡು ಓದಿದರೂ ಮಗ್ಗದ ಸದ್ದಿನಲ್ಲಿ ಒಂದಕ್ಷರ ಕೇಳುತ್ತಿರಲಿಲ್ಲ. ಆದರೆ ಕಾಕಾ ತುಟಿ ನೋಡುತ್ತಿದ್ದರು. ತುಟಿ ನಿಂತಿತೋ, ನೂಲು ಸುತ್ತುವ ಖಾಲಿ ಕಂಡಿಕೆಯೊಂದು ಹಾರಿ ಬಂದು ಪುಸ್ತಕದ ಮೇಲೆ ಬೀಳುತ್ತಿತ್ತು. ಅವರ ಗುರಿ ತಪ್ಪಿದ್ದನ್ನು ನಾನು ಕಂಡಿಲ್ಲ.

"ಇವತ್ತ ಇತಿಹಾಸ ಓದಿದ್ಲ್ರಿ" ಎಂದು ಸಂಜೆ ನನಗೆ ವರದಿ ಒಪ್ಪಿಸುತ್ತಿದ್ದರು. "ರಾಜರ ಹೆಸರಿಗೆ ಬಾಯಿ ಅಗಲ ಆಕ್ಕೈತಿ. ಗಣಿತಕ್ಕ ತುಟಿ ಬಿಗಿ ಹಿಡೀತಾಳ. ಇಂಗ್ಲಿಷ್ ಓದೂ ಮುಂದ ಹಲ್ಲ ಕಾಣ್ತಾವ."

ಮನಸ್ಸಿನಲ್ಲೇ ಓದುವುದೂ ಓದೇ, ಅದೇ ಛಲೋ ಓದು ಎಂದು ನಾನು ಮಾಸ್ತರಿಕೆ ಮಾಡಲು ಹೋದೆ. ಅವರು ನನ್ನ ಮುಖವನ್ನು ಮೇಲಿಂದ ಕೆಳಕ್ಕೆ ನೋಡಿದರು. "ಸುಮ್ನ ಪುಸ್ತಕ ನೋಡೂದು ಓದಂದ್ರ, ನಮ್ಮ ಆಕಳಾನೂ ದಿನಾ ಕ್ಯಾಲೆಂಡರ್ ನೋಡ್ತೈತ್ರಿ" ಎಂದರು.

ಶಾಲೆಯಲ್ಲಿ ಪಾಲಕರ ಸಭೆ ಕರೆದರೆ ಉಳಿದವರು ಎಷ್ಟು ಅಂಕ, ಎಷ್ಟನೇ ನಂಬರು ಎಂದು ಕೇಳುತ್ತಿದ್ದರು. ಕಾಕಾ ಗೋಡೆಗೆ ಒರಗಿ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಬಾಯಿ ತಗೀತಾಳೇನ್ರಿ?" ಉಳಿದವರು ನಗುತ್ತಿದ್ದರು. ಹೆಡ್ಮಾಸ್ತರರು ಕುರ್ಚಿ ತೋರಿಸಿ ಕೂರಲು ಹೇಳಿದರೆ, "ಅದ ನಮ್ಮ ಶೈಲಾಗ ಇರ್ಲಿರಿ, ಆಕಿ ಕುಂದರತಾಳ" ಎನ್ನುತ್ತಿದ್ದರು. ಓದಿನಿಂದ ಅವರು ಬೇಡಿದ್ದು ಇಷ್ಟೇ. ಮಗಳಿಗೆ ಕುರ್ಚಿಯ ಮೇಲೆ ಕೂತು ಮಾಡುವ ಒಂದು ಕೆಲಸ ಸಿಗಬೇಕು. ಯಾವ ಕೆಲಸ, ಎಲ್ಲಿ, ಅದೆಲ್ಲ ಅವರಿಗೆ ಗೊತ್ತಿರಲಿಲ್ಲ. ಸಂಜೆ ಮಗ್ಗ ನಿಲ್ಲಿಸಿ ಕಾಲಿಗೆ ಬಿಸಿನೀರು ಹಾಕಿಕೊಳ್ಳುವಾಗ ಮೀನಖಂಡದ ಮೇಲೆ ಹಸಿರು ನರಗಳು ಗಂಟು ಗಂಟಾಗಿ ಎದ್ದಿರುತ್ತಿದ್ದವು. ಅದನ್ನು ತೋರಿಸಿ, "ಇದು ನನ್ನ ಸಾಲಿ ಬಿಟ್ಟ ಸರ್ಟಿಫಿಕೇಟು" ಎಂದು ನಗುತ್ತಿದ್ದರು. ಆ ನಗು ನನಗೆ ನೋಡಲಾಗುತ್ತಿರಲಿಲ್ಲ.

ಶೈಲಾ ಜಾಣ ಹುಡುಗಿ. ಮೊದಲ ನಂಬರಿನವಳಲ್ಲ, ಆದರೆ ಬಿಟ್ಟುಕೊಡುವವಳಲ್ಲ. ಹತ್ತನೆಯ ಪರೀಕ್ಷೆ ಬಂತು. ಕೇಂದ್ರ ಬೇರೆ ಶಾಲೆಯಲ್ಲಿ. ಭಾಷೆಗಳು ಸುಸೂತ್ರ ಮುಗಿದವು. ಗಣಿತದ ದಿನ ಆದದ್ದೇ ಎಡವಟ್ಟು.

ಪರೀಕ್ಷಾ ಕೋಣೆಯಲ್ಲಿ ಸೂಜಿ ಬಿದ್ದರೆ ಕೇಳುವಷ್ಟು ಮೌನ. ಅಂಥ ಮೌನದಲ್ಲಿ ಆ ಹುಡುಗಿ ಹುಟ್ಟಿದಾಗಿನಿಂದ ಒಂದು ಲೆಕ್ಕವನ್ನೂ ಮಾಡಿದವಳಲ್ಲ. ನಮ್ಮ ಶಾಲೆಯ ಪರೀಕ್ಷೆಗಳಲ್ಲಿ ಅವಳು ಗೊಣಗಿಕೊಂಡು ಬರೆದರೂ ನಾವು ಬಿಡುತ್ತಿದ್ದೆವು. ಪ್ರಶ್ನೆ ಓದುತ್ತಿದ್ದಂತೆ ಅವಳ ತುಟಿ ತಾವಾಗಿಯೇ ಆಡತೊಡಗಿದವು, ಜೊತೆಗೆ ಸಣ್ಣಗೆ ದನಿಯೂ ಹೊರಟಿತು. ಮೇಲ್ವಿಚಾರಕರು ಒಮ್ಮೆ ಗದರಿಸಿದರು. ಅವಳು ಹೂಂ ಅಂದಳು, ಎರಡು ಸಾಲು ಬರೆದಳು, ಮತ್ತೆ ತುಟಿ ಆಡಿದವು. ಪಕ್ಕದ ಬೆಂಚಿನವಳಿಗೆ ಉತ್ತರ ಹೇಳಿಕೊಡುತ್ತಿದ್ದಾಳೆ ಎಂದು ಅವರು ಉತ್ತರ ಪತ್ರಿಕೆ ಕಸಿದುಕೊಂಡು ಅವಳನ್ನು ಗೋಡೆಯ ಬಳಿ ನಿಲ್ಲಿಸಿದರು. ಅವರದೂ ತಪ್ಪೆನ್ನಲಾರೆ. ಬೇರೆ ಊರಿನಿಂದ ಬಂದವರಿಗೆ ಮಗ್ಗದ ಮನೆಯ ಹುಡುಗಿಯ ತುಟಿಯ ಕಥೆ ಹೇಗೆ ಗೊತ್ತಾಗಬೇಕು? ಬಹಳ ಹೊತ್ತಿನ ಮೇಲೆ, ಹೋಗಲಿ ಎಂದು ಪತ್ರಿಕೆ ಮರಳಿ ಕೊಟ್ಟರಂತೆ. ಅವಳು ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದು ಕೂತಳು. ಆಮೇಲೆ ಒಂದು ಲೆಕ್ಕವೂ ಬರಲಿಲ್ಲ.

ಸಂಜೆ ನಮ್ಮ ಮನೆಗೆ ಬಂದಾಗ ತುಟಿಯ ಮೇಲೆ ರಕ್ತ ಒಣಗಿತ್ತು. "ಬಾಯಿ ಮುಚ್ಚಿದ್ರ ತಲೀನೂ ಮುಚ್ಚತೈತ್ರಿ ಸರ್" ಎಂದಳು. "ಅಪ್ಪ ಎದುರಿಗಿ ಇದ್ದಂಗ ಅನಸ್ತೈತಿ. ಆತಗ ಕಾಣೂ ಹಂಗ ಹೇಳಿದ್ರಷ್ಟ ಬರ್ತೈತ್ರಿ." ನನ್ನ ಹೆಂಡತಿ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಮುಖ ತೊಳೆಸಿದಳು.

ಫಲಿತಾಂಶ ಬಂದಾಗ ಗಣಿತವೊಂದರಲ್ಲಿ ನಪಾಸು. ಸುದ್ದಿ ಮುಟ್ಟಿದ ಕೂಡಲೇ ರಬಕವಿಯಿಂದ ಕಾಕಾ ಅವರ ಅಕ್ಕ ಬಂದಿಳಿದಳು. ಅವಳ ಮಗನಿಗೆ ಶೈಲಾಳನ್ನು ತಂದುಕೊಳ್ಳಬೇಕೆಂದು ಮೊದಲಿನಿಂದಲೂ ಆಸೆ. "ಸಾಕ ಮಾಡೋ ತಮ್ಮಾ. ದೇವರ ದಾರಿ ತೋರ್ಸ್ಯಾನ. ಇಷ್ಟ ಕಲತದ್ದ ಬಾಳಾತು" ಎಂದು ಪಡಸಾಲೆಯಲ್ಲಿ ಕೂತು ಓಣಿಗೆಲ್ಲ ಕೇಳುವಂತೆ ಹೇಳಿದಳು. ಕಾಕು ಕೂಡ ಅತ್ತ ಕಡೆಯೇ ವಾಲಿದ್ದರು. ಹುಡುಗಿ ಮನೆಯಲ್ಲಿದ್ದರೆ ಕಂಡಿಕೆ ಸುತ್ತುತ್ತಾಳೆ, ಮನೆಗೆ ಎರಡು ಕೈ ಆಗುತ್ತವೆ. ಅವರದಾದರೂ ಏನು ತಪ್ಪು? ಅವರ ಕಾಲಿನಲ್ಲೂ ಅದೇ ಹಸಿರು ನರಗಳಿದ್ದವು.

ಅಂದು ಸಂಜೆ ಕಾಕಾ ನಮ್ಮ ಬಾಗಿಲಲ್ಲಿ ಬಂದು ನಿಂತರು. ಚಹಾ ಬೇಡ ಎಂದರು.

"ಮಾಸ್ತರ್ರ, ಖರೆ ಹೇಳ್ರಿ. ನಮ್ಮ ಹುಡುಗಿ ದಡ್ಡಿ ಏನು?"

"ಅಲ್ರಿ ಕಾಕಾ."

"ಮತ್ತ ಯಾಕ ಹಿಂಗಾತು?"

ನಾನು ಹೇಳಿದೆ. "ನೀವು ಎದುರಿಗಿ ನಿಂತು ನೋಡಿದ್ರಷ್ಟ ಆಕಿಗಿ ಬರ್ತೈತಿ. ತುಟಿ ಅಳ್ಳಾಡಸೂದು ನಿಮಗ ತೋರ್ಸಾಕ. ಪರೀಕ್ಷಾದಾಗ ನೀವು ಇರಂಗಿಲ್ಲಲ್ರಿ."

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಹೇಳಿದ್ದು ಮುಗಿದ ಮೇಲೂ ನೋಡುತ್ತಿದ್ದರು. ಆಮೇಲೆ, "ಅಂದ್ರ ನಾನ ಅಡ್ಡ ನಿಂತೇನಿ" ಎಂದರು. ಅಷ್ಟೇ ಅಂದು ರುಮಾಲು ಬಿಚ್ಚಿ ಮುಖ ಒರೆಸಿಕೊಂಡು ಹೊರಟು ಹೋದರು. ಅಕ್ಕನಿಗೆ ಹೇಳಿದ ಮಾತು ನಮಗೆ ಗೋಡೆಯ ಈಚೆ ಕೇಳಿಸಿತು, ಆಗ ಮಗ್ಗ ನಿಂತಿದ್ದವು. "ಮತ್ತೊಮ್ಮೆ ಕುಂದರತಾಳ. ಪಾಸಾದ್ರ ಮುಂದ ಓದತಾಳ. ಇಲ್ಲಂದ್ರ ನೀ ಬಾ, ನಿನ್ನ ಮಗನ ಮಾತು ಮಾತಾಡೂಣು."

ಪೂರಕ ಪರೀಕ್ಷೆಗೆ ಇನ್ನು ಕೆಲವೇ ವಾರ. ಮರುದಿನದಿಂದ ಕಾಕಾ ತಮ್ಮ ಜಾಗ ಬದಲಿಸಿದರು. ಹೊಸ್ತಿಲ ಕಡೆಯ ಎರಡು ಮಗ್ಗ ಕಾಕುಗೆ ಬಿಟ್ಟು, ಆಚೆಯ ಎರಡು ತಾವು ಹಿಡಿದರು. ಅಲ್ಲಿ ನಿಂತರೆ ಬೆನ್ನು ಹೊಸ್ತಿಲ ಕಡೆಗೆ. ಮಗಳನ್ನು ಕರೆದು, "ಇವತ್ತಿಂದ ನಾ ನಿನ್ನ ನೋಡಂಗಿಲ್ಲ. ತುಟಿ ಅಳ್ಳಾಡಸಬ್ಯಾಡ. ಓದೂದು ಬಿಡೂದು ನಿಂದ ಬೇ" ಎಂದರು. ಶೈಲಾ ಅತ್ತಳು. ಅಪ್ಪ ಸಿಟ್ಟಾಗಿ ತನ್ನ ಕೈ ಬಿಟ್ಟ ಅಂದುಕೊಂಡಳು ಪಾಪ. ನಾನು ಶಾಲೆಯಿಂದ ಬರುವಾಗ ಹಾದಿಯಲ್ಲೇ ಆ ಶೆಡ್ಡಿನ ಬಾಗಿಲು ಕಾಣುತ್ತಿತ್ತು. ಹುಡುಗಿ ಚೀಲದ ಮೇಲೆ ಕೂತು ಪುಸ್ತಕ ಹಿಡಿದಿರುತ್ತಿದ್ದಳು, ಕೆಲವೊಮ್ಮೆ ಸುಮ್ಮನೆ ಅಪ್ಪನ ಬೆನ್ನು ನೋಡುತ್ತಿದ್ದಳು. ಬೆವರಿಗೆ ಬನಿಯನ್ ಅಂಟಿಕೊಂಡ ಆ ಬೆನ್ನು ತಿರುಗುತ್ತಿರಲಿಲ್ಲ. ಅವಳು ಓದುತ್ತಿದ್ದಾಳೋ, ತೂಕಡಿಸುತ್ತಿದ್ದಾಳೋ, ಬಾಗಿಲ ಹೊರಗೆ ಹೋಗುವವರನ್ನು ನೋಡುತ್ತಿದ್ದಾಳೋ ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಕಂಡಿಕೆಯೂ ಹಾರಿ ಬರಲಿಲ್ಲ.

ಆ ಬೇಸಿಗೆಯಲ್ಲಿ ಕಾಕಾ ಸರಿಯಾಗಿ ಉಣ್ಣುತ್ತಿರಲಿಲ್ಲ ಎಂದು ಕಾಕು ನನ್ನ ಹೆಂಡತಿಗೆ ಹೇಳುತ್ತಿದ್ದರು. ಗದ್ದದ ಮೇಲೆ ಯಾವಾಗಲೂ ಒಂದೆರಡು ಕೊಯ್ದ ಗಾಯ ಇರುತ್ತಿದ್ದವು. ಕೈ ನಡುಗುತ್ತಿದೆಯೇ ಎಂದು ಕೇಳಿದೆ. "ಬ್ಲೇಡ್ ಹಳೇದ್ರಿ" ಎಂದರು. ನಾನೂ ಬಿಟ್ಟುಬಿಟ್ಟೆ.

ಶೈಲಾ ಪಾಸಾದಳು. ಅಂಕಗಳೇನು ಹೇಳಿಕೊಳ್ಳುವಂಥವಲ್ಲ, ಆದರೆ ಪಾಸು. ನಾನು ಸುದ್ದಿ ಹೇಳಲು ಹೋದಾಗ ಮಗ್ಗ ನಡೆಯುತ್ತಿದ್ದವು. ಕಾಕಾ ನನ್ನ ತುಟಿ ನೋಡಿದರು, ತಲೆಯಾಡಿಸಿದರು, ತಿರುಗಿ ಲಾಳಿ ಬದಲಿಸಿದರು. ಭುಜ ಮಾತ್ರ ಅಲುಗುತ್ತಿದ್ದವು. ಸಂಜೆ ಮಹಾಲಿಂಗಪುರದ ಬೆಲ್ಲ ತರಿಸಿ ಓಣಿಗೆಲ್ಲ ಹಂಚಿದರು. ರಬಕವಿಯ ಅಕ್ಕನಿಗೂ ಕಳಿಸಿದರು. ಅದು ಸ್ವಲ್ಪ ಅತಿಯಾಯಿತು ಎಂದು ನನ್ನ ಅನಿಸಿಕೆ, ಆಕೆ ಎರಡು ವರ್ಷ ಮಾತು ಬಿಟ್ಟಳು.

ಆಮೇಲೆ ಹುಡುಗಿ ಬಸ್ಸು ಹತ್ತಿ ಜಮಖಂಡಿಗೆ ಕಾಲೇಜಿಗೆ ಹೋದಳು. ನರ್ಸಿಂಗ್ ಮಾಡಿದಳು. ಈಗ ಮುಧೋಳದಲ್ಲಿ ಒಂದು ದವಾಖಾನೆಯಲ್ಲಿದ್ದಾಳೆ, ಮದುವೆಯೂ ಅಲ್ಲೇ ಆಗಿದೆ. ಕೆಲಸ ಸಿಕ್ಕ ಹೊಸದರಲ್ಲಿ ಕಾಕಾ ನಮ್ಮ ಬಾಗಿಲಿಗೆ ಬಂದು ದೊಡ್ಡ ದನಿಯಲ್ಲಿ ನಕ್ಕರು. ಆಗಲೇ ಅವರ ಕಿವಿ ಮಂದವಾಗುತ್ತಿದ್ದವು, ಮಾತೆಲ್ಲ ಕೂಗಿದಂತೆ ಬರುತ್ತಿತ್ತು. "ಕುರ್ಚಿ ಸಲುವಾಗಿ ಓದಸಿದ್ನಿ ಮಾಸ್ತರ್ರ! ಈಗ ನೋಡಿದ್ರ ಹಗಲೆಲ್ಲಾ ನಿಂದರೂ ಕೆಲಸಂತ. ಕಾಲ ನೋಯ್ತಾವು ಯಪ್ಪಾ ಅಂತಾಳ. ಏನ ಕಲಿಸಿದಿವೋ ಏನೋ!" ನಾನೂ ನಕ್ಕೆ. ಓದಿನಿಂದ ನಾವು ಕೇಳುವುದೊಂದು, ಅದು ಕೊಡುವುದು ಇನ್ನೊಂದು ಎಂದು ಅವರಿಗೆ ಆಗಲೇ ತಿಳಿದಿತ್ತೇನೋ. ನನಗೆ ತಿಳಿಯಲು ನನ್ನ ಮಗ ದೊಡ್ಡವನಾಗಬೇಕಾಯಿತು.

ಕೊರೊನಾ ಬಂದು ಎಲ್ಲರೂ ಮಾಸ್ಕ್ ಹಾಕಿಕೊಂಡ ಕಾಲದಲ್ಲಿ ಕಾಕಾ ನಿಜವಾಗಿ ಕಿವುಡರಾದರು. ಅಲ್ಲಿಯವರೆಗೆ ಅವರಿಗೆ ಕಿವಿ ಕೇಳುವುದಿಲ್ಲ ಎಂಬುದು ಓಣಿಯಲ್ಲಿ ಅರ್ಧ ಮಂದಿಗೆ ಗೊತ್ತೇ ಇರಲಿಲ್ಲ, ತುಟಿ ನೋಡಿಯೇ ನಿಭಾಯಿಸುತ್ತಿದ್ದರು. ಬಾಯಿಗಳೆಲ್ಲ ಮುಚ್ಚಿಕೊಂಡಾಗ ಊರೇ ತಮ್ಮ ಮೇಲೆ ಮುನಿಸಿಕೊಂಡಂತೆ ಚಡಪಡಿಸಿದರು. ಮಗಳು ದವಾಖಾನೆಯಿಂದ ಮಾಸ್ಕಿನಲ್ಲೇ ಬಂದು ಅಂಗಳದಲ್ಲಿ ದೂರ ನಿಂತು ಮಾತಾಡಿದರೆ, "ಬಾಯಿ ತಗಿ ಬೇ! ಬಾಯಿ ತಗಿ!" ಎಂದು ಕೂಗುತ್ತಿದ್ದರು. ಅವಳು ತೆಗೆಯುವಂತಿರಲಿಲ್ಲ. ಕೈಸನ್ನೆ ಮಾಡಿ ಮಾಡಿ ಸೋತು, ಅತ್ತುಕೊಂಡು ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದಳು.

ಕೊನೆಕೊನೆಗೆ ಅವರು ಮಗ್ಗದ ಕೆಲಸ ಬಿಟ್ಟರು. ಅಣ್ಣನ ಮಗ ನಡೆಸುತ್ತಿದ್ದ, ಇವರು ಶೆಡ್ಡಿನ ಬಾಗಿಲಿಗೆ ಒರಗಿ ನಿಂತು ತಪ್ಪು ಹುಡುಕುತ್ತಿದ್ದರು. ರಜೆ ಸಿಕ್ಕಾಗ ಶೈಲಾ ಬಂದು ಅವರ ಎದುರು ಕೂತು ಪೇಪರು ಓದಿ ಹೇಳುತ್ತಿದ್ದಳು. ದನಿ ತೆಗೆಯುತ್ತಿರಲಿಲ್ಲ, ಬರೀ ತುಟಿ. ಹೊರಗಿನಿಂದ ನೋಡಿದವರಿಗೆ ತಂದೆ ಮಗಳು ಸುಮ್ಮನೆ ಮುಖ ನೋಡಿಕೊಂಡು ಇದ್ದಾರೆ ಅನಿಸಬೇಕು. ನಡುವೆ ಕಾಕಾ ಒಮ್ಮೆಲೇ, "ಹೌದಾ? ಹಂಗಂದ್ನ?" ಎಂದು ಓಣಿಗೆ ಕೇಳುವಂತೆ ಕೂಗುತ್ತಿದ್ದರು.

ಈಗ ನನ್ನ ಮಗನ ಸಂಗತಿ. ವಿಜಯಪುರದ ಆ ಕೋಚಿಂಗಿನವರು ಪಾಲಕರ ಮೊಬೈಲಿಗೆ ಒಂದು ಆ್ಯಪ್ ಹಾಕಿ ಕೊಡುತ್ತಾರೆ. ಮಕ್ಕಳು ಓದುವ ಹಾಲಿನಲ್ಲಿ ಕ್ಯಾಮೆರಾ ಇದೆ. ನಾವು ಮನೆಯಲ್ಲಿ ಕೂತು ಯಾವಾಗ ಬೇಕಾದರೂ ತೆರೆದು ನೋಡಬಹುದು. ವಾರಕ್ಕೊಮ್ಮೆ ಅಂಕಗಳೂ ಬರುತ್ತವೆ, ಏರಿದರೆ ಹಸಿರು, ಇಳಿದರೆ ಕೆಂಪು. ಸಂಜೆ ಊಟದ ಮೊದಲು ನಾನು ಮೊಬೈಲು ತೆರೆದು ಸಾಲು ಸಾಲು ತಲೆಗಳ ನಡುವೆ ನನ್ನ ಮಗನ ತಲೆ ಹುಡುಕುತ್ತೇನೆ. ಮೇಲಿನಿಂದ ಕಾಣುವುದು ನಡುನೆತ್ತಿಯ ಸುಳಿ ಮಾತ್ರ. ಸಣ್ಣವನಿದ್ದಾಗ ಎಣ್ಣೆ ಹಚ್ಚುತ್ತಿದ್ದ ಸುಳಿ ಅದು. ಅವನು ಅಲುಗಾಡದಿದ್ದರೆ ಮಲಗಿದನೇ ಎಂದು ಚಿಂತೆ, ಅಲುಗಾಡಿದರೆ ಪಕ್ಕದವನ ಜೊತೆ ಹರಟೆಯೇ ಎಂದು ಸಿಟ್ಟು. ಫೋನಿನಲ್ಲಿ ಕೇಳಿದರೆ ಒಮ್ಮೆ, "ನೋಡ್ರಿ ಪಪ್ಪಾ, ನೋಡ್ರಿ. ನೀವು ನೋಡೂ ಟೈಮಿಗೆ ಬುಕ್ ತಗದ ಇಟ್ಟಿರ್ತೇನಿ" ಅಂದ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ನನಗಿಂತ ಹೆಚ್ಚು ದಣಿದ ಹಾಗೆ ಕೇಳಿಸಿತು. ಹತ್ತೊಂಬತ್ತರ ಹುಡುಗ ಹಾಗೆ ದಣಿಯಬಾರದು. ಆದರೂ ಮರುದಿನ ಸಂಜೆ ಮತ್ತೆ ತೆರೆದು ನೋಡಿದೆ. ಇದು ಪ್ರೀತಿಯೋ ಚಟವೋ ಹೇಳುವವರು ಯಾರು?

ಕಾಕಾ ಅವರ ಮಣ್ಣು ಮುಗಿದ ಮರುದಿನ ಸಂಜೆ ಅವರ ಮನೆಗೆ ಹೋದೆ. ಮಗ್ಗ ಇನ್ನೂ ಬಂದ್ ಇದ್ದವು. ಕಾಕು ಮತ್ತು ಶೈಲಾ ಶೆಡ್ಡಿನ ಹೊಸ್ತಿಲ ಬಳಿ ಕೂತಿದ್ದರು. ಅಳು ಮುಗಿದು, ಸುಮ್ಮನೆ ಕೂರುವ ಹೊತ್ತು ಅದು. ನಾನೂ ಕೂತೆ. ಅಷ್ಟು ವರ್ಷಗಳಲ್ಲಿ ಆ ಶೆಡ್ಡನ್ನು ಮೌನವಾಗಿ ನೋಡಿದ್ದು ಕಡಿಮೆ. ಆಚೆಯ ಕಂಬದಲ್ಲಿ, ಕಾಕಾ ನಿಲ್ಲುತ್ತಿದ್ದ ಜಾಗದ ಎದುರು, ಒಂದು ಮೊಳೆಗೆ ಅಂಗೈಯಗಲದ ತಗಡು ತೂಗುಬಿದ್ದಿತ್ತು. ಅದರ ಮೇಲೆ ಹತ್ತಿಯ ದೂಳು ಬೆರಳಗಾತ್ರ ಕೂತಿತ್ತು. ಹಿಂದೆಯೂ ಎಷ್ಟೋ ಸಲ ಕಣ್ಣಿಗೆ ಬಿದ್ದಿತ್ತು, ಕರೆಂಟಿನವರದ್ದು ಏನೋ ಇರಬೇಕು ಅಂದುಕೊಂಡಿದ್ದೆ. ಅಂದು ಮಾತಿಗೆ ಮಾತು ಬೇಕಲ್ಲ ಎಂದು ಅದೇನು ಎಂದು ಕೇಳಿದೆ.

"ಕನ್ನಡಿ ರೀ" ಎಂದರು ಕಾಕು. "ಅವರ ದಾಡಿ ಮಾಡ್ಕೊಳ್ಳೂ ಕನ್ನಡಿ. ಮಾರಿ ಕಂಬದ ಕಡೆ ಐತಿ."

ಶೈಲಾ ತಾಯಿಯ ಮುಖ ನೋಡಿದಳು. ಅವಳಿಗೂ ಇದು ಹೊಸದು.

"ಈಕಿ ನಪಾಸಾದ ವರ್ಷ" ಎಂದು ಕಾಕು ನನಗೇ ಹೇಳುವಂತೆ ಹೇಳಿದರು. "ನಾ ನೋಡಂಗಿಲ್ಲ ಅಂತ ಹುಡುಗಿಗಿ ಹೇಳಿ ಬೆನ್ನ ಮಾಡಿದ್ರಲ್ರಿ, ತಡಿಯಾಕ ಆಗಲಿಲ್ಲ. ನಾಕ ದಿನಕ್ಕ ಆ ಕಂಬಕ್ಕ ಕನ್ನಡಿ ತಂದು ಹಾಕಿದ್ರು. ಕಣ್ಣಾಗ ದೂಳ ಬಿದ್ರ ತಗ್ಯಾಕ ಅಂದ್ರು. ನಾ ಹೋಗಿ ನಿಂತ ನೋಡಿದ್ರ ಅದರಾಗ ಸೀದಾ ಹೊಸ್ತಿಲಾನ ಕಾಣ್ತಿತ್ತು. ಈಕಿ ಕುಂತದ್ದು ಕಾಣ್ತಿತ್ತು. ಮಗಳಿಗಿ ಕೊಟ್ಟ ಮಾತು ಹಿಂಗ ಮುರೀತೀರೇನು, ನಾಚಿಕಿ ಬರೂದಿಲ್ಲ ನಿಮಗ ಅಂದ್ನಿ. ಯಾವತ್ತೂ ನನಗ ಎದುರ ಮಾತಾಡೂ ಮನಶ್ಯಾ, ಅವತ್ತ ಒಂದ ಮಾತ ಆಡಲಿಲ್ಲ. ಮಧ್ಯಾಹ್ನ ಬಂದ ನೋಡ್ತೀನಿ, ಕನ್ನಡಿ ಬೆನ್ನ ಮಾಡಿ ಹಾಕ್ಯಾರ."

"ತೆಗೆದೇ ಇಡಬಹುದಿತ್ತಲ್ರಿ" ಎಂದೆ.

"ಅದನ್ನ ನಾನೂ ಅಂದ್ನಿ. ದಾಡಿ ಮಾಡ್ಕೊಳ್ಳಾಕರ ತಿರಿವಿಕೋರಿ ಅಂದ್ನಿ. ಒಮ್ಮೆ ತಿರಿವಿದ್ರ ಕೈ ನಿಂದ್ರಂಗಿಲ್ಲ ಅಂದ್ರು. ಬ್ಯಾಸಗಿ ಪೂರಾ ಕಣ್ಣ ಮುಚ್ಚಿದಂಗ ದಾಡಿ ಮಾಡ್ಕೊಂಡು ಗದ್ದಾ ಕೊಯ್ಕೊಂಡ್ರು. ಈಕಿ ಪಾಸಾದ್ಲು. ಈಗರ ತಿರಿವ್ರಿ ಅಂದ್ನಿ. ಆಕಿ ಇನ್ನೂ ಓದಾಕತ್ತಾಳ, ಇರ್ಲಿ ಅಂದ್ರು. ನೌಕರಿ ಹತ್ತಿತು, ಲಗ್ನ ಆತು, ಇರ್ಲಿ ಅಂದ್ರು. ಹಂಗ ಉಳೀತು."

ಶೈಲಾ ಎದ್ದು ಹೋದಳು. ಎರಡು ಮಗ್ಗಗಳ ನಡುವೆ, ಅಪ್ಪ ನಿಲ್ಲುತ್ತಿದ್ದ ಕಡೆ ನಿಂತಳು. ಈಗ ಅವಳ ಬೆನ್ನು ನಮ್ಮ ಕಡೆ ಇತ್ತು. ಕನ್ನಡಿಗೆ ಕೈ ಹಾಕಿದಳು, ತಿರುಗಿಸುತ್ತಾಳೆ ಅಂದುಕೊಂಡೆ. ಸೆರಗಿನಿಂದ ಅದರ ಬೆನ್ನಿನ ದೂಳನ್ನಷ್ಟೇ ಒರೆಸಿದಳು. ಅದು ಮೊಳೆಯ ಮೇಲೆ ಒಮ್ಮೆ ತೂಗಿ ಮತ್ತೆ ಕಂಬಕ್ಕೆ ಮುಖ ಮಾಡಿ ನಿಂತಿತು. ಅವಳು ಬಹಳ ಹೊತ್ತು ತಿರುಗಲಿಲ್ಲ. "ನನ್ನ ಮ್ಯಾಲ ಸಿಟ್ಟಾಗಿ ಬೆನ್ನ ಮಾಡಿದ್ದ ಅಂದ್ಕೊಂಡಿದ್ನಿರಿ ಸರ್" ಎಂದಳು, "ಇಷ್ಟ ವರ್ಷಾ."

ನಾನು ಮನೆಗೆ ಬಂದೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದೊಂದೇ ಓಣಿಯಲ್ಲಿ ಕೇಳುತ್ತಿತ್ತು. ಮಗ ಓದಲು ಕೂರುವ ಸಮಯ. ಮೇಜಿನ ಮೇಲೆ ಮೊಬೈಲು ಬೆಳಗಿತು, ಈ ವಾರದ ಅಂಕ ಬಂದಿವೆ ಎಂಬ ಸೂಚನೆ. ಕೈ ತಾನಾಗಿಯೇ ಅದರತ್ತ ಹೋಯಿತು. ಎತ್ತಿಕೊಂಡೆ. ಹಸಿರೋ ಕೆಂಪೋ, ನಡುನೆತ್ತಿಯ ಆ ಸುಳಿ ಇವತ್ತು ಯಾವ ಕಡೆ ಬಾಗಿದೆಯೋ. ಒಂದು ಸಲ ನೋಡಿದರೆ ಏನಾದೀತು ಎಂದೂ ಅನಿಸಿತು.

"ಯಾಕ, ಇವತ್ತ ನೋಡೂದಿಲ್ಲೇನು?" ಎಂದು ಅಡುಗೆಮನೆಯಿಂದ ಹೆಂಡತಿ ಕೇಳಿದಳು.

ನಾನು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ, ಅದಕ್ಕೆ ಬೆನ್ನು ಮಾಡಿ, ಊಟಕ್ಕೆ ಕೂತೆ.